ಬಿಡುವಿಲ್ಲದವರ ಹಿತ್ತಲು

ಮನೆಯಂಗಳದಲ್ಲಿಯೋ ತಾರಸಿಯ ಮೇಲೆಯೋ ನಾಲ್ಕು ತರಕಾರಿ ಗಿಡಗಳನ್ನು ಬೆಳೆಸಬೇಕೆಂಬ ಆಸೆಯನ್ನು ಒಮ್ಮೆಯಾದರೂ ಆಡಿ ತೋರಿಸದ ಗೃಹಸ್ಥರು ನಮ್ಮ ನಗರಗಳಲ್ಲಿ ವಿರಳ. ಆಡಿದ ಮರುಕ್ಷಣದಲ್ಲಿಯೇ ‘ಹೊತ್ತೆಲ್ಲಿದೆ ಸ್ವಾಮಿ?’ ಎಂದು ಕೈಚೆಲ್ಲದವರು ಇನ್ನೂ ವಿರಳ. ಬೆಳಗಾಗುತ್ತಲೇ ಮಕ್ಕಳನ್ನು ಶಾಲೆಯ ಬಸ್ಸಿಗೇರಿಸಿ, ತಾವು ಕಚೇರಿಯ ದಾರಿ ಹಿಡಿದು, ದೀಪ ಹಚ್ಚುವ ವೇಳೆ ಮೀರಿದ ಮೇಲೆ ಮನೆ ಸೇರುವವರ ಈ ಪ್ರಶ್ನೆ ಅಸಂಗತವೇನೂ ಅಲ್ಲ. ಆದರೂ ಕೈತೋಟವೆಂಬುದು ವಿರಾಮವುಳ್ಳವರ ವಿಲಾಸವೆಂಬ ತಪ್ಪುಭಾವನೆಯೊಂದು ಅದರ ಬುಡದಲ್ಲಿ ಅಡಗಿರುವಂತೆ ತೋರುತ್ತದೆ.

ನಮ್ಮ ಹಳೆಯ ಹಿತ್ತಲುಗಳನ್ನು ಬೆಳೆಸಿದವರು ಯಾರು? ಕೋಳಿ ಕೂಗುವ ಮುನ್ನ ಎದ್ದು, ಕೊಟ್ಟಿಗೆ ಬಳಿದು, ಬಾವಿಯಿಂದ ನೀರು ಸೇದಿ, ತುಂಬಿದ ಮನೆಯ ಮಂದಿಗೆಲ್ಲ ಅಡಿಗೆ ಮಾಡಿ ಬಡಿಸುತ್ತಿದ್ದ ಹೆಂಗಸರು. ಅವರಿಗಿಂತ ಬಿಡುವಿಲ್ಲದವರನ್ನು ಊಹಿಸಿಕೊಳ್ಳುವುದೇ ಕಷ್ಟ. ಹಾಗಿದ್ದೂ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಬಚ್ಚಲ ನೀರು ಹರಿದುಹೋಗುವಲ್ಲಿ ಬಸಳೆಯ ಚಪ್ಪರವಿರುತ್ತಿತ್ತು; ಬಾವಿಕಟ್ಟೆಯ ತಂಪಿನಲ್ಲಿ ಕೆಸುವೂ, ಅಡಿಗೆಮನೆಯ ಹಿಂಬಾಗಿಲ ಪಕ್ಕದಲ್ಲಿ ಕರಿಬೇವು ದೊಡ್ಡಪತ್ರೆಗಳೂ, ಬೇಲಿಯ ಮೇಲೆ ತೊಂಡೆಯ ಬಳ್ಳಿಯೂ ಇರುತ್ತಿದ್ದುವು. ತೋಟಕ್ಕೆಂದು ಅವರು ಪ್ರತ್ಯೇಕವಾಗಿ ಒಂದು ಗಳಿಗೆಯನ್ನೂ ತೆಗೆದಿರಿಸಿದವರಲ್ಲ. ಇತರ ಕಾರ್ಯಗಳಿಗಾಗಿ ದಿನವೂ ತುಳಿಯಲೇಬೇಕಾಗಿದ್ದ ಹಾದಿಯ ಮಗ್ಗುಲಲ್ಲಿಯೇ ಗಿಡಗಳನ್ನು ನೆಟ್ಟರು, ಅಷ್ಟೆ. ಬಿಡುವಿಲ್ಲದವರು ಮೊದಲು ಹುಡುಕತಕ್ಕದ್ದು ಹೊತ್ತನ್ನಲ್ಲ, ಜಾಗವನ್ನು.

ಆದುದರಿಂದ ಮೂರನೆಯ ಮಹಡಿಯ ತಾರಸಿಯ ಮೇಲೆ ಒಂದೇ ಭಾನುವಾರ ಇಪ್ಪತ್ತು ಕುಂಡಗಳನ್ನು ಹೂಡಿ, ಸೋಮವಾರದಿಂದಲೇ ಮೆಟ್ಟಿಲು ಹತ್ತಲು ಬೇಸರಪಡುವುದಕ್ಕಿಂತ, ಬೆಳಗಿನ ಕಾಫಿಯ ಲೋಟ ಹಿಡಿದು ನಿಲ್ಲುವ ಬಾಲ್ಕನಿಯಲ್ಲಿಯೋ ಬಟ್ಟೆ ಒಣಹಾಕುವ ಮೂಲೆಯಲ್ಲಿಯೋ ಎರಡೇ ಎರಡು ಕುಂಡಗಳನ್ನಿರಿಸುವುದು ವಿವೇಕ. ಅಲ್ಲಿ ಬಿಸಿಲು ಎಷ್ಟು ಹೊತ್ತು ಬೀಳುವುದೆಂಬುದನ್ನು ಮಾತ್ರ ಒಂದು ರಜೆಯ ದಿನ ಗಮನಿಸಿಕೊಳ್ಳಬೇಕು. ಸೊಪ್ಪುಗಳಿಗೆ ಸುಮಾರು 4 ಗಂಟೆಯ ಬಿಸಿಲು ಸಾಕು. ಟೊಮೇಟೊ, ಬದನೆ, ಬೆಂಡೆಗಳಂತೆ ಕಾಯಿ ಬಿಡುವ ಗಿಡಗಳು 6 ಗಂಟೆಯನ್ನಾದರೂ ಬೇಡುತ್ತವೆ. ಬಿಸಿಲು ಸಾಲದ ಜಾಗದಲ್ಲಿ ಟೊಮೇಟೊ ನೆಟ್ಟು, ಬರಿಯ ಎಲೆಯನ್ನು ಕಂಡು ತಮ್ಮ ಕೈಗುಣವನ್ನೇ ಹಳಿದುಕೊಳ್ಳುವವರು ಬಹಳ ಮಂದಿ.

ಮೊದಲ ಬೆಳೆ ಮೆಂತ್ಯವಾಗಲಿ ಎಂಬುದು ನನ್ನ ಹಟ. ಬೀಜವನ್ನು ಅಂಗಡಿಯಲ್ಲಿ ಹುಡುಕಬೇಕಾಗಿಲ್ಲ. ಅಡಿಗೆಮನೆಯ ಡಬ್ಬಿಯಲ್ಲಿಯೇ ಉಂಟು. ರಾತ್ರಿ ಒಂದು ಹಿಡಿ ನೆನೆಯಿಟ್ಟು, ಬೆಳಿಗ್ಗೆ ಅಗಲಬಾಯಿಯ ಕುಂಡದಲ್ಲಿ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ನಾಲ್ಕೈದು ದಿನಗಳೊಳಗೆ ಮೊಳಕೆ ಕಾಣುತ್ತದೆ, ಮೂರು ನಾಲ್ಕು ವಾರಗಳಲ್ಲಿ ಸೊಪ್ಪು ಕೈಗೆ ಬರುತ್ತದೆ. ಹೊಸಬನ ಉತ್ಸಾಹ ಇಂಗಿಹೋಗುವುದಕ್ಕೆ ಮುಂಚೆಯೇ ಫಲ ಕೊಡುವ ಬೆಳೆಯಿದು. ತಿಂಗಳುಗಟ್ಟಲೆ ಕಾಯಿಸುವ ಬದನೆ ಆ ದಾಕ್ಷಿಣ್ಯವನ್ನು ತೋರುವುದಿಲ್ಲ. ಕೊತ್ತಂಬರಿಗೆ ಸ್ವಲ್ಪ ತಾಳ್ಮೆ ಬೇಕು: ಅದರ ದುಂಡನೆಯ ಕಾಳಿನೊಳಗೆ ಬೀಜಗಳು ಎರಡಿರುವುದರಿಂದ, ಲಟ್ಟಣಿಗೆಯನ್ನು ಮೆಲ್ಲನೆ ಉರುಳಿಸಿ ಇಬ್ಭಾಗಮಾಡಿ ಬಿತ್ತಬೇಕು, ಮೊಳೆಯಲು ಹತ್ತು ದಿನಗಳಾದರೂ ಗಾಬರಿಪಡಬೇಕಾದುದಿಲ್ಲ. ಮೂರನೆಯದು ಹರಿವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದಿರುವ ‘ಅರ್ಕಾ ಸುಗುಣ’ದಂತಹ ತಳಿಯನ್ನು ಬೇರುಸಹಿತ ಕೀಳದೆ ಮೇಲಿನಿಂದ ಕೊಯ್ಯುತ್ತ ಬಂದರೆ, ಒಮ್ಮೆ ಬಿತ್ತಿದ್ದು ಮತ್ತೆ ಮತ್ತೆ ಚಿಗುರಿ ಹಲವು ಸಾರಿಯ ಹುಳಿಗಾಗುತ್ತದೆ.

ಮಣ್ಣಿನ ವಿಷಯದಲ್ಲಿ ಜಿಪುಣತನ ಕೂಡದು. ಬರಿಯ ಕೆಮ್ಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಬೇರಿನ ಉಸಿರು ಕಟ್ಟಿಸುತ್ತದೆ; ಕೆಮ್ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಅಂಗಡಿಯವರು ಕೊಕೊಪೀಟ್ ಎನ್ನುವ ತೆಂಗಿನ ನಾರಿನ ಪುಡಿ, ಇವನ್ನು ಸಮಭಾಗ ಬೆರೆಸಿಕೊಂಡರೆ ನೀರೂ ನಿಲ್ಲುತ್ತದೆ, ಗಾಳಿಯೂ ಆಡುತ್ತದೆ. ನಾರಿನ ಪುಡಿಯಿಂದ ಇನ್ನೊಂದು ಪ್ರಯೋಜನವುಂಟು: ಕುಂಡದ ಭಾರ ಇಳಿಯುತ್ತದೆ. ಉದ್ದ, ಅಗಲ, ಆಳಗಳು ಒಂದೊಂದು ಅಡಿಯಿರುವ ಪೆಟ್ಟಿಗೆಯಲ್ಲಿ ತೋಯ್ದ ಮಣ್ಣನ್ನು ಮಾತ್ರವೇ ತುಂಬಿದರೆ ತೂಕ 40 ಕಿಲೋವನ್ನೂ ಮೀರೀತು. ತಾರಸಿಯ ಮೇಲೆ ಸಾಲಾಗಿ ಜೋಡಿಸುವವರು ಇದನ್ನು ಮರೆಯಬಾರದು. ತಳದಲ್ಲಿ ತೂತಿಲ್ಲದ ಕುಂಡ ಎಷ್ಟೇ ಚೆಂದವಿದ್ದರೂ ಗಿಡಕ್ಕೆ ಅದು ಕೆರೆಯೇ ಸರಿ.

ನೀರೆರೆಯುವುದರಲ್ಲಿ ಕೊರತೆಗಿಂತ ಅತಿಯಾದ ಪ್ರೀತಿಯೇ ಹೆಚ್ಚು ಗಿಡಗಳನ್ನು ಕೊಲ್ಲುತ್ತದೆ. ಬೆರಳನ್ನು ಮಣ್ಣಿನೊಳಗೆ ಒಂದು ಗಿಣ್ಣಿನಷ್ಟು ಇಳಿಸಿ ನೋಡಿ. ತೇವವಿದ್ದರೆ ಆ ದಿನ ಸುಮ್ಮನಿರುವುದೇ ಉಪಚಾರ. ಅಕ್ಕಿಬೇಳೆ ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲುವ ಬದಲು ಕುಂಡಕ್ಕೆ ಹಾಕಬಹುದು. ಬಟ್ಟೆ ಒಗೆಯುವ ಇಂದಿನ ಪುಡಿಗಳ ನೊರೆನೀರು ಮಾತ್ರ ಬೇಡ. ಹಿಂದಿನ ಬಚ್ಚಲ ನೀರು ಸೀಗೆ ಕಡಲೆಹಿಟ್ಟುಗಳ ಕಾಲದ್ದು. ಎರಡು ದಿನ ಊರಿಗೆ ಹೋಗುವುದಾದರೆ ಕುಂಡದ ಮೇಲೆ ಒಣ ತರಗೆಲೆಯನ್ನು ಹೊದಿಸಿಡುವುದು ಸಾಕು. ಹೇನು ಹತ್ತಿದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನೂ ಕೊಂಚ ಸಾಬೂನನ್ನೂ ಕದಡಿ, ಬಿಸಿಲಿಳಿದ ಮೇಲೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಬೇಕು.

ಇಷ್ಟರಿಂದ ತರಕಾರಿಯ ಖರ್ಚು ಉಳಿದೀತೆಂದು ನಾನು ಆಸೆ ಹುಟ್ಟಿಸಲಾರೆ. ಎರಡು ಕುಂಡಗಳು ಸಂತೆಗೆ ಸಾಟಿಯಲ್ಲ. ಆದರೆ ಸಾರಿಗೆ ಒಗ್ಗರಣೆ ಬೀಳುವ ಹೊತ್ತಿನಲ್ಲಿ ಎರಡು ಹೆಜ್ಜೆ ನಡೆದು ಕೊತ್ತಂಬರಿಯ ನಾಲ್ಕು ಎಸಳು ಚಿವುಟಿ ತರುವ ಶ್ರೀಮಂತಿಕೆ ಯಾವ ಮಾರುಕಟ್ಟೆಯಲ್ಲಿಯೂ ಸಿಕ್ಕದು.

ಸೊಪ್ಪು ಕೈಗೆ ಹತ್ತಿದ ಮೇಲೆ ಮೂರನೆಯ ಕುಂಡದಲ್ಲೊಂದು ಮೆಣಸಿನ ಗಿಡ, ಮುಂಗಾರು ಕಾಲಿಟ್ಟಾಗ ಹೀರೆಯದೋ ಪಡವಲದೋ ಒಂದು ಬಳ್ಳಿ, ಹೀಗೆ ಮುಂದುವರಿಯಬಹುದು. ಅವರೆಯ ಚಾಪಲ್ಯವುಳ್ಳವರಿಗೆ ಒಂದು ಮಾತು: ನಮ್ಮ ನಾಡತಳಿಯ ಅವರೆ ಹಗಲು ಕಿರಿದಾಗುವವರೆಗೆ ಹೂವಿಡುವುದಿಲ್ಲವಾದ್ದರಿಂದ, ಬೇಸಗೆಯಲ್ಲಿ ಬಿತ್ತಿದರೆ ಬಳ್ಳಿ ಹಬ್ಬುತ್ತದೆಯೇ ಹೊರತು ಕಾಯಿ ಕಾಣದು. ಹಗಲಿನ ಉದ್ದವನ್ನು ಲೆಕ್ಕಿಸದ ‘ಅರ್ಕಾ ಜಯ್’, ‘ಅರ್ಕಾ ವಿಜಯ್’ ಎಂಬ ಗಿಡ್ಡ ತಳಿಗಳನ್ನು ಹೆಸರಘಟ್ಟದವರೇ ಕೊಟ್ಟಿದ್ದಾರೆ. ಕುಂಡಕ್ಕೂ ಅವೇ ಅನುಕೂಲ. ನಾಡತಳಿಯೇ ಬೇಕೆಂಬವರು ಶ್ರಾವಣದ ಸುಮಾರಿಗೆ ಬಿತ್ತಿ, ಬಳ್ಳಿಗೆ ಬಟ್ಟೆ ಒಣಹಾಕುವ ತಂತಿಯ ಒಂದು ತುದಿಯನ್ನು ಬಿಟ್ಟುಕೊಡಲಿ.