ಚೀಲಕ್ಕೆ ಎತ್ತರದ ಕಟ್ಟೆ, ಅಜ್ಜಿಗೆ ಕಡಿದಾದ ಮೆಟ್ಟಿಲು

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ರೈಲು ನಿಲ್ದಾಣವಿಲ್ಲ. ಹಗುರ ಮರ ಕೆತ್ತಿ, ಬಣ್ಣ ಹಚ್ಚಿ ಗೊಂಬೆ ಮಾಡುವ ಚಿತ್ರಗಾರರು ಬೆಂಗಳೂರಿನ ಮೇಳಕ್ಕೆ ಹೊರಟರೆ ಕೊಪ್ಪಳಕ್ಕೆ ಬಂದೇ ಗಾಡಿ ಹಿಡಿಯಬೇಕು. ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಬೋಗಿ ಏರಲು ಬಾಗಿಲಿನ ಎರಡೂ ಬದಿಯ ಕಂಬಿ ಹಿಡಿಯಬೇಕು, ಆದರೆ ಕೈಯಲ್ಲಿ ಗೊಂಬೆಯ ಪೆಟ್ಟಿಗೆ ಇರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಬರುವ, ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿಯುವ ಅಜ್ಜಿಯರ ಕಷ್ಟವೂ ಇದೇ. ‘ಯಪ್ಪಾ, ಒಂಚೂರು ಕೈ ಕೊಡೋ’ ಎನ್ನದೆ ಅವರ ಪ್ರಯಾಣ ಮುಗಿಯುವುದೇ ಇಲ್ಲ.

ಈ ಕಷ್ಟದ ಅಳತೆ ರೈಲ್ವೆಯ ನಿಯಮ ಪುಸ್ತಕದಲ್ಲೇ ಇದೆ. ಬ್ರಾಡ್‌ಗೇಜ್‌ನಲ್ಲಿ ಪ್ರಯಾಣಿಕರ ಎತ್ತರದ ಪ್ಲಾಟ್‌ಫಾರ್ಮ್ ಎಂದರೆ ಹಳಿಯ ಮಟ್ಟದಿಂದ 760ರಿಂದ 840 ಮಿಲಿಮೀಟರ್. ಮಧ್ಯಮ ಎತ್ತರದ್ದು 455. ಕೆಲವು ಚಿಕ್ಕ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮ್ ಹಳಿಯ ಮಟ್ಟಕ್ಕೇ ಇರುತ್ತದೆ. ಬೋಗಿಯ ನೆಲವೋ ಹಳಿಯಿಂದ 1.2 ಮೀಟರ್‌ಗೂ ಮೇಲೆ. ಅತ್ಯುತ್ತಮ ಪ್ಲಾಟ್‌ಫಾರ್ಮ್‌ನಿಂದಲೂ ಒಂದಡಿಗಿಂತ ಹೆಚ್ಚು ಏರಬೇಕು. ಮಧ್ಯಮ ಎತ್ತರದ್ದಾದರೆ ಸುಮಾರು ಎರಡೂವರೆ ಅಡಿ. ಹಳಿ ಮಟ್ಟದ್ದಾದರೆ ನಾಲ್ಕಡಿ, ಅಂದರೆ ಚಿಕ್ಕ ಮಗುವಿನ ಎದೆ ಮುಟ್ಟುವುದಕ್ಕೂ ಹೆಚ್ಚು.

ಅದೇ ಪುಸ್ತಕದಲ್ಲಿ ಗೂಡ್ಸ್ ಕಟ್ಟೆಯ ಎತ್ತರವನ್ನೂ ನೋಡಬೇಕು. ಅದು 1065 ಮಿಲಿಮೀಟರ್ ತನಕ ಇರಬಹುದು. ಗಂಗಾವತಿಯ ಅಕ್ಕಿ ಚೀಲ ವ್ಯಾಗನ್ ಸೇರಲು ಸಿಗುವ ಸಲೀಸು ಅದನ್ನು ಬೆಳೆದ ಮನುಷ್ಯನಿಗೆ ಸಿಗುವುದಿಲ್ಲ. ಕಾರಣವಿಲ್ಲದೆ ಹೀಗಾಗಿಲ್ಲ ಎಂಬುದೂ ನಿಜ. ಗೂಡ್ಸ್ ಶೆಡ್ಡಿನಲ್ಲಿ ವ್ಯಾಗನ್ ಮೆಲ್ಲಗೆ ಬಂದು ನಿಲ್ಲುತ್ತದೆ. ನಿಲ್ದಾಣದ ಹಳಿಯಲ್ಲಿ ಅದಿರು, ಕಲ್ಲಿದ್ದಲು ಹೊತ್ತ ಗಾಡಿಗಳು ನಿಲ್ಲದೆ ಓಡುತ್ತವೆ. ಓಡುವಾಗ ಬೋಗಿ ಆಚೀಚೆ ತೂಗುತ್ತದೆ, ಭಾರಕ್ಕೆ ಸ್ಪ್ರಿಂಗು ಕುಗ್ಗುತ್ತದೆ, ಗಾಲಿ ಸವೆಯುತ್ತದೆ. ಇವೆಲ್ಲಕ್ಕೂ ಜಾಗ ಬಿಟ್ಟೇ ಅಂಚು ಕಟ್ಟಬೇಕು. ಅದಕ್ಕೆಂದೇ ಹಳಿಯ ನಡುವಿನಿಂದ ಅಂಚಿಗೆ 1670ರಿಂದ 1680 ಮಿಲಿಮೀಟರ್ ಎಂದು ನಿಗದಿಯಾಗಿದೆ. ಬೋಗಿಯ ಅರ್ಧ ಅಗಲ ಸುಮಾರು 1625. ನೇರ ಹಳಿಯಲ್ಲಿ ಉಳಿಯುವ ಸಂದು ನಾಲ್ಕು ಬೆರಳಿಗಿಂತ ಹೆಚ್ಚಿಲ್ಲ. ಆದರೆ ಹಳಿ ತಿರುವಿದ್ದಲ್ಲಿ ಲೆಕ್ಕ ತಪ್ಪುತ್ತದೆ. ಇಪ್ಪತ್ತು ಮೀಟರಿಗೂ ಉದ್ದದ ಬೋಗಿ ಬಾಗುವುದಿಲ್ಲ. ತಿರುವಿನ ಒಳಬದಿಯ ಪ್ಲಾಟ್‌ಫಾರ್ಮಿಗೆ ಬೋಗಿಯ ಹೊಟ್ಟೆ ಹತ್ತಿರವಾದರೆ ಎರಡು ತುದಿಗಳು ದೂರ ಸರಿಯುತ್ತವೆ. ನಮ್ಮ ಬೋಗಿಗಳ ಬಾಗಿಲು ಇರುವುದು ಆ ತುದಿಗಳಲ್ಲೇ.

ಇನ್ನೊಂದು ಸಂಗತಿ ಹೊರಗಿನವರ ಗಮನಕ್ಕೆ ಬರುವುದೇ ಇಲ್ಲ. ಹಳಿಯ ಕೆಳಗಿನ ಜಲ್ಲಿ ಕುಸಿದಾಗ ಹೊಸ ಜಲ್ಲಿ ತುಂಬಿ ಹಳಿಯನ್ನು ಎತ್ತುತ್ತಾರೆ. ಪ್ಲಾಟ್‌ಫಾರ್ಮ್ ಇದ್ದಲ್ಲೇ ಇರುತ್ತದೆ. ಹೀಗೆ ಕೆಲವು ಸಲ ಆದರೆ 840 ಇದ್ದದ್ದು ಯಾರೂ ಮುಟ್ಟದೆಯೇ ತಗ್ಗಾಗುತ್ತದೆ.

ಅಳತೆ ಬದಲಾಗದು ಎನ್ನುವವರು ಮುಂಬಯಿ ನೋಡಬೇಕು. 2014ರ ಜನವರಿಯಲ್ಲಿ ಘಾಟ್ಕೋಪರ್ ನಿಲ್ದಾಣದಲ್ಲಿ ಲೋಕಲ್ ಹತ್ತಲು ಹೋದ 16 ವರ್ಷದ ಹುಡುಗಿ ಸಂದಿಗೆ ಬಿದ್ದು ಎರಡೂ ಕೈ ಕಳೆದುಕೊಂಡಳು. ಬಾಂಬೆ ಹೈಕೋರ್ಟ್ ಕಟುವಾಗಿ ಕೇಳಿದ ಮೇಲೆ ಉಪನಗರ ನಿಲ್ದಾಣಗಳ ಅಂಚನ್ನು 900–920 ಮಿಲಿಮೀಟರಿಗೆ ಏರಿಸುವ ಕೆಲಸ ಶುರುವಾಯಿತು. ಒಂದು ಮಗುವಿನ ಕೈಗಳು ಹೋಗುವ ತನಕ ಕಾಯಬೇಕಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಲಂಡನ್ನಿನ ಸುರಂಗ ರೈಲಿನಲ್ಲಿ ಪ್ಲಾಟ್‌ಫಾರ್ಮಿನ ಒಂದಷ್ಟು ಉದ್ದವನ್ನು ಮಾತ್ರ ದಿಬ್ಬದಂತೆ ಏರಿಸಿ, ಗಾಲಿಕುರ್ಚಿಯವರು ಅಲ್ಲಿಂದ ಸರಾಗವಾಗಿ ಒಳಹೋಗುವಂತೆ ಮಾಡಿದ್ದಾರೆ. ನಮ್ಮ ವಂದೇ ಭಾರತ್ ಗಾಡಿಯ ಬಾಗಿಲು ತೆರೆದರೆ ಅಡಿಯಿಂದ ಮೆಟ್ಟಿಲು ಸರಿದು ಬಂದು ಸಂದು ಮುಚ್ಚುತ್ತದೆ.

ಹುಬ್ಬಳ್ಳಿಯ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚ್‌ನಲ್ಲಿ ಜಗತ್ತಿನಲ್ಲೇ ಉದ್ದನೆಯದು ಎಂದು ಹೆಸರಾಯಿತು. ಆದರೆ ಕೊಪ್ಪಳ ಜಿಲ್ಲೆಗೆ ಬೇಕಿರುವುದು ಉದ್ದದ್ದಲ್ಲ, ಎತ್ತರದ ಹೆಮ್ಮೆ. ಇಲ್ಲಿ ಅದಕ್ಕೆ ಇದೇ ಸಮಯ. ಗಂಗಾವತಿಗೆ 2019ರಲ್ಲಿ ರೈಲು ಬಂತು. ಯಲಬುರ್ಗಾ ಮಾರ್ಗವಾಗಿ ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ಬಂತು. ಕುಷ್ಟಗಿ ಇರುವ ಗದಗ–ವಾಡಿ ಮಾರ್ಗ ಇನ್ನೂ ಮುಂದೆ ಸಾಗಬೇಕು. ಹಳೆಯ ನಿಲ್ದಾಣ ಒಡೆದು ಏರಿಸುವುದಕ್ಕಿಂತ ಹೊಸತನ್ನು ಮೊದಲೇ ಎತ್ತರಕ್ಕೆ ಕಟ್ಟುವುದು ಅಗ್ಗ. ಪ್ಲಾಟ್‌ಫಾರ್ಮ್ ನೇರ ಹಳಿಯ ಮೇಲೆ ಬರಲಿ. ಅಂಗವಿಕಲರ ಬೋಗಿ ಇರುವುದು ಗಾಡಿಯ ತುದಿಯಲ್ಲಿ, ಹಾಗಾಗಿ ಆ ತುದಿಯ ತನಕವೂ ಅದೇ ಎತ್ತರ ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೇಳುವುದೂ ಇಂಥ ಸೌಲಭ್ಯವನ್ನೇ. ಜಲ್ಲಿ ತುಂಬಿದಾಗಲೆಲ್ಲ ಅಂಚನ್ನು ಮತ್ತೆ ಅಳೆದು, ಆ ಅಳತೆಯನ್ನು ನಿಲ್ದಾಣದ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಲಿ.