ಕೃಷಿ ಹೊಂಡಕ್ಕೆ ಮುಸುಕಿದ ಪಾಚಿ: ಮೀನು ಉಳಿಸಿಕೊಳ್ಳುವ ಬಗೆ

ಹಗರಿಬೊಮ್ಮನಹಳ್ಳಿ ಭಾಗದ ಮಳೆಯಾಶ್ರಿತ ಹೊಲಗಳಲ್ಲಿ ಕೃಷಿ ಹೊಂಡಗಳು ಈಗ ಸಾಮಾನ್ಯ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಇವು ಹೆಚ್ಚಿದವು. ನೀರು ನಿಂತ ಮೇಲೆ ಕಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟು ಉಪ ಆದಾಯ ಪಡೆಯುವವರೂ ಇದ್ದಾರೆ. ಆದರೆ ಕೆಲವು ಹೊಂಡಗಳಲ್ಲಿ ನೀರು ಹಚ್ಚಹಸಿರಾಗಿ, ಮೇಲೆ ಪಾಚಿ ಕಟ್ಟಿ, ಒಂದು ಮುಂಜಾನೆ ಮೀನುಗಳು ಸತ್ತು ತೇಲುತ್ತವೆ. ಯಾರೋ ವಿಷ ಹಾಕಿದರೆಂದು ನೆರೆಹೊಲದವರ ಮೇಲೆ ಅನುಮಾನ ಪಡುವ ಮೊದಲು ಹೊಂಡವನ್ನೇ ಪರೀಕ್ಷಿಸುವುದು ಒಳ್ಳೆಯದು.

ಕಾರಣವೇನು?

ಪಾಚಿಯೂ ಒಂದು ಬೆಳೆಯೇ. ಅದಕ್ಕೆ ಬೇಕಾದುದು ಬಿಸಿಲು, ಸಾರಜನಕ ಮತ್ತು ರಂಜಕ. ಮೆಕ್ಕೆಜೋಳಕ್ಕೆ ಹಾಕಿದ ಡಿ.ಎ.ಪಿ. ಮತ್ತು ಯೂರಿಯಾ ಬಿರುಮಳೆಯಲ್ಲಿ ಮಣ್ಣಿನೊಡನೆ ಕೊಚ್ಚಿ ಬಂದು ಹೊಂಡ ಸೇರುತ್ತವೆ. ಮೀನಿಗೆಂದು ಹಾಕಿದ ಸಗಣಿ, ತಿನ್ನದೆ ಉಳಿದ ತೌಡು, ಹಿಂಡಿಗಳೂ ಅಲ್ಲಿಯೇ ಕೊಳೆಯುತ್ತವೆ. 1973ರಲ್ಲಿ ಕೆನಡಾದ ವಿಜ್ಞಾನಿಗಳು ಒಂದು ಸರೋವರಕ್ಕೆ ನಡುವೆ ಪರದೆ ಕಟ್ಟಿ, ಎರಡೂ ಭಾಗಕ್ಕೆ ಇಂಗಾಲ ಮತ್ತು ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರಾಯಿತು. ನಗರಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿಟ್ಟು ಹವಳ ಸಾಕುವವರನ್ನು ಕಾಡುವ ಪಾಚಿಗೂ ಮಿಕ್ಕುಳಿದ ಆಹಾರವೇ ಒಂದು ಮುಖ್ಯ ಕಾರಣ.

ಹಗಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುತ್ತದೆ. ರಾತ್ರಿ ಮೀನಿನಂತೆ ತಾನೂ ಅದನ್ನೇ ಉಸಿರಾಡುತ್ತದೆ. ಆದುದರಿಂದ ಬೆಳಗಿನ ಜಾವ ಆಮ್ಲಜನಕ ಅತಿ ಕಡಿಮೆ. ಮೀನು ಮೇಲೆ ಬಂದು ಬಾಯಿ ತೆರೆಯುವುದು ಇದರ ಸೂಚನೆ.

ಪರೀಕ್ಷೆ

ಕೋಲಿಗೆ ಬಿಳಿ ತಟ್ಟೆ ಕಟ್ಟಿ ನಡುಹಗಲಿನಲ್ಲಿ ನೀರಿಗೆ ಇಳಿಸಿರಿ. 30ರಿಂದ 40 ಸೆಂ.ಮೀ. ಆಳದವರೆಗೆ ಕಂಡರೆ ಚಿಂತೆಯಿಲ್ಲ. ಹಸಿರು ನೀರಿನಲ್ಲಿ 20 ಸೆಂ.ಮೀ.ಗೂ ಮೊದಲೇ ಮರೆಯಾದರೆ ಅಪಾಯ.

ಸುಧಾರಣೆಯ ಕ್ರಮಗಳು

1. ಸಗಣಿ, ಗೊಬ್ಬರ ಮತ್ತು ಮೇವನ್ನು ಕೂಡಲೇ ನಿಲ್ಲಿಸಬೇಕು.

2. ತೇಲುವ ಪಾಚಿಯನ್ನು ಬಲೆಯಿಂದ ಎಳೆದು ತೆಗೆದು ತಿಪ್ಪೆಗೆ ಹಾಕಬೇಕು. ತಳದ ಹೂಳನ್ನು ಕಲಕಬಾರದು. ಪ್ಲಾಸ್ಟಿಕ್ ಹಾಳೆ ಹರಿಯದಂತೆ ಎಚ್ಚರವಿರಲಿ.

3. ಬೇರೆ ನೀರಿನ ಅನುಕೂಲವಿದ್ದರೆ ನಾಲ್ಕನೇ ಒಂದು ಭಾಗದಷ್ಟು ತಳದ ನೀರನ್ನು ಬೆಳೆಗೆ ಹಾಯಿಸಿ, ಹೊಸ ನೀರು ತುಂಬಬೇಕು. ಹೊರಹೋಗುವ ನೀರಿನಲ್ಲಿ ಗೊಬ್ಬರದ ಸಾರವಿರುವುದರಿಂದ ಅದು ವ್ಯರ್ಥವಲ್ಲ.

4. ರಾತ್ರಿಯ ಕೊನೆಯ ಜಾವದಲ್ಲಿ ಪಂಪಿನಿಂದ ಹೊಂಡದ ಮೇಲ್ನೀರನ್ನೇ ಎತ್ತಿ ತುಂತುರಾಗಿ ಮರಳಿ ಬೀಳಿಸಿದರೆ ಗಾಳಿ ಬೆರೆಯುತ್ತದೆ.

ಮೈಲುತುತ್ತ ಹಾಕುವ ಆತುರ ಬೇಡ. ಅದು ಮೀನಿಗೂ ವಿಷ. ಪಾಚಿ ಒಮ್ಮೆಲೇ ಸತ್ತು ಕೊಳೆತರೆ ಇದ್ದ ಆಮ್ಲಜನಕವೂ ಮುಗಿಯುತ್ತದೆ. ಮೀನಿರುವ ಹಸಿರು ನೀರಿಗೆ ಸುಟ್ಟ ಸುಣ್ಣವನ್ನೂ ಸುರಿಯಬಾರದು. ಕ್ಷಾರತೆ ಏರಿ ಅಮೋನಿಯಾದ ವಿಷ ಹೆಚ್ಚುತ್ತದೆ. ನೀಲಿಹಸಿರು ಬಣ್ಣ ಬಳಿದಂತೆ ಕೆನೆಗಟ್ಟಿದ ನೀರನ್ನು ದನಕರುಗಳಿಗೆ ಕುಡಿಸಬಾರದು. ಅಂತಹ ಪಾಚಿಯಲ್ಲಿ ಕೆಲವು ವಿಷಕಾರಿ.

ಮುಂದಿನ ವರ್ಷಕ್ಕೆ

ಬೇಸಿಗೆಯಲ್ಲಿ ಹೊಂಡ ಒಣಗಿದಾಗ ಹೂಳನ್ನು ತೆಗೆದು ಹೊಲಕ್ಕೆ ಹರಡಿರಿ. ನೀರು ಒಳಬರುವ ಕಡೆ ಹೂಳುಗುಂಡಿ ತೋಡಿ, ಹುಲ್ಲಿನ ಪಟ್ಟಿ ಬೆಳೆಸಿರಿ. ಮೇಲುಗೊಬ್ಬರವನ್ನು ಕಂತುಗಳಲ್ಲಿ ಕೊಟ್ಟು ಮಣ್ಣಿನಲ್ಲಿ ಮುಚ್ಚಿರಿ. ಹೊಲದಲ್ಲಿ ಉಳಿದ ಗೊಬ್ಬರ ತೆನೆಯಾಗುತ್ತದೆ. ಹೊಂಡಕ್ಕೆ ಹರಿದದ್ದು ಪಾಚಿಯಾಗುತ್ತದೆ.