ಹಿಮದ್ವೀಪಕ್ಕೆ ಹೊರಡುವ ಮುನ್ನ

ಮಳೆಗಾಲದಲ್ಲಿ ಮಲ್ಪೆಗೆ ಹೋಗಿ ಸೇಂಟ್ ಮೇರಿ ದ್ವೀಪಕ್ಕೆ ದೋಣಿಯನ್ನು ಕೇಳಿದವನು ದಡದಿಂದಲೇ ಹಿಂದಿರುಗಬೇಕಾಗುತ್ತದೆ. ದ್ವೀಪಗಳಿಗೆ ಅವುಗಳದೇ ಆದ ಪಂಚಾಂಗವುಂಟು. ಉತ್ತರ ಅಟ್ಲಾಂಟಿಕ್ ಸಾಗರದ ಐಸ್‌ಲೆಂಡಿಗೆ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಚಂದ್ರಾ ಲೇಔಟಿನ ನಮ್ಮ ನೆರೆಹೊರೆಯಲ್ಲಿ ಇಂದು ವಿದೇಶಯಾತ್ರೆಯ ಮಾತು ಅಪರೂಪವಲ್ಲ. ಆದರೆ ವರ್ಷಗಳ ಉಳಿತಾಯವನ್ನು ಒಂದೇ ಯಾತ್ರೆಗೆ ವೆಚ್ಚಮಾಡುವವರೂ ಮೊದಲು ವಿಮಾನದ ದರವನ್ನು ವಿಚಾರಿಸಿ, ಬಳಿಕ ಋತುವನ್ನು ವಿಚಾರಿಸುವುದುಂಟು. ಈ ಕ್ರಮವು ತಲೆಕೆಳಗಾದದ್ದೆಂದು ನಾವು ಭಾವಿಸುತ್ತೇವೆ.

ಅಲ್ಲಿಯ ಚಳಿ ನಾವು ಊಹಿಸುವಷ್ಟು ಘೋರವಲ್ಲ. ಬೆಚ್ಚನೆಯ ಸಾಗರಪ್ರವಾಹದ ದೆಸೆಯಿಂದ, 64ನೆಯ ಅಕ್ಷಾಂಶದಲ್ಲಿರುವ ರಾಜಧಾನಿ ರೇಕ್ಯಾವಿಕ್ಕಿನಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಯಾತ್ರಿಕನು ಎಣಿಸಬೇಕಾದುದು ಚಳಿಯನ್ನಲ್ಲ, ಬೆಳಕನ್ನು. ಬೆಂಗಳೂರಿನಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ಅಲ್ಲಿಯಾದರೋ ಡಿಸೆಂಬರಿನ ಹಗಲು 4 ಗಂಟೆ, ಜೂನಿನ ಹಗಲು 21 ಗಂಟೆ.

ಆದಕಾರಣ ಅಲ್ಲಿಯ ಎರಡು ಮಹಾದೃಶ್ಯಗಳು ಒಂದಕ್ಕೊಂದು ಒಗ್ಗುವುದಿಲ್ಲ. ನಡುರಾತ್ರಿಯ ಬೆಳಕನ್ನು ಬಯಸುವವರು ಜೂನ್ ಇಲ್ಲವೆ ಜುಲೈಯಲ್ಲಿ ಹೋಗತಕ್ಕದ್ದು. ದ್ವೀಪದ ಒಳನಾಡಿನ ಬೆಟ್ಟದ ಹಾದಿಗಳು ತೆರೆದಿರುವುದೂ ಸಾಮಾನ್ಯವಾಗಿ ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲಿನವರೆಗೆ ಮಾತ್ರ. ಸೂರ್ಯನಿಂದ ಬಂದ ವಿದ್ಯುತ್ಕಣಗಳು ವಾಯುಮಂಡಲದ ಮೇಲ್ಪದರಕ್ಕೆ ತಾಕಿ ಮೂಡಿಸುವ ಹಸುರು ಧ್ರುವಪ್ರಭೆಯನ್ನು ಬಯಸುವವರಿಗೆ ಕತ್ತಲೆ ಬೇಕು. ಅದು ಆಗಸ್ಟ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗಿನ ಭಾಗ್ಯ. ಆಗಲೂ ಆಕಾಶ ನಿರ್ಮಲವಾಗಿರಬೇಕು.

ಇನ್ನು ನಮ್ಮ ಪಂಚಾಂಗ. ಮಕ್ಕಳ ಬೇಸಗೆಯ ರಜೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಬರುತ್ತದೆ. ಆ ವೇಳೆಗೆ ಅಲ್ಲಿ ರಾತ್ರಿಯ ಕತ್ತಲೆ ಕರಗುತ್ತಿರುತ್ತದೆ, ಬೆಟ್ಟದ ಹಾದಿಗಳು ಇನ್ನೂ ಮುಚ್ಚಿರುತ್ತವೆ. ದಸರೆಯ ರಜೆಯೇ ಮೇಲು. ಆಗ ಹಗಲಿರುಳುಗಳು ಹೆಚ್ಚುಕಡಮೆ ಸಮ. ಹಗಲಿನಲ್ಲಿ ದಕ್ಷಿಣ ಕರಾವಳಿಯ ಜಲಪಾತಗಳನ್ನೂ, ನೀರ್ಗಲ್ಲುಗಳು ತೇಲುವ ಯೋಕುಲ್ಸಾರ್ಲೋನ್ ಸರೋವರವನ್ನೂ ನೋಡಿ, ಇರುಳಿನಲ್ಲಿ ಆಕಾಶವನ್ನು ಕಾಯಬಹುದು. ರೇನಿಸ್‌ಫ್ಯಾರಾ ತೀರದ ಕಪ್ಪು ಶಿಲಾಸ್ತಂಭಗಳು ಮಲ್ಪೆಯ ದ್ವೀಪದ ಸ್ತಂಭಗಳ ದಾಯಾದಿಗಳು. ಎರಡೂ ಲಾವಾರಸವು ಆರಿ ಬಿರಿದುದರ ಫಲ. ಆದರೆ ಅಲ್ಲಿಯ ಅಲೆಗಳು ಹಠಾತ್ತನೆ ಮೇಲೇರಿ ಪ್ರವಾಸಿಗಳ ಪ್ರಾಣವನ್ನೇ ಕೊಂಡಿವೆ. ನೀರಿಗೆ ಬೆನ್ನು ತಿರುಗಿಸಿ ನಿಲ್ಲಲಾಗದು.

ಸಿದ್ಧತೆಯ ವಿಷಯದಲ್ಲಿ ಮೂರು ಮಾತು. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ 6 ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಅವಶ್ಯ. ದಸರೆಗೆ ಹೊರಡುವವರು ಬೇಸಗೆಯಲ್ಲೇ ಕಾಗದಪತ್ರಗಳನ್ನು ಹೊಂದಿಸಿಕೊಳ್ಳಲಿ. ಎರಡನೆಯದಾಗಿ, ಅಲ್ಲಿ ಗಾಳಿಯೇ ದೊರೆ. ಕೊಡೆ ನಿಷ್ಪ್ರಯೋಜಕ, ನೀರು ಇಳಿಯದ ಮೇಲಂಗಿ ಬೇಕು. ಮೂರನೆಯದಾಗಿ, ದ್ವೀಪವನ್ನು ಸುತ್ತುವ 1,300 ಕಿಲೋಮೀಟರಿಗೂ ಮೀರಿದ ಹೆದ್ದಾರಿಯನ್ನು ಒಂದು ವಾರದಲ್ಲಿ ಮುಗಿಸುವ ಹಟ ಬೇಡ. ಬಿರುಗಾಳಿ ತಡೆದರೆ ತಂಗುವುದಕ್ಕೆ ಒಂದೆರಡು ದಿನ ಬಿಡುವಿರಲಿ. ಪ್ರತಿ ಮುಂಜಾನೆ ಹವಾಮಾನವನ್ನೂ ರಸ್ತೆಯ ಸ್ಥಿತಿಯನ್ನೂ ವಿಚಾರಿಸಿಯೇ ಹೊರಡಬೇಕು.

ಎಲ್ಲವನ್ನೂ ನೋಡಬೇಕೆಂದು ಹೊರಟವನಿಗೆ ಆ ದ್ವೀಪ ಏನನ್ನಾದರೂ ಮುಚ್ಚಿಡುತ್ತದೆ. ಬೆಳಕೋ, ಕತ್ತಲೆಯೋ ಎಂಬುದನ್ನು ಮನೆಯ ಜಗಲಿಯಲ್ಲೇ ಕುಳಿತು ನಿರ್ಧರಿಸಿದವನಿಗೆ, ಉಳಿದ ಲೆಕ್ಕಾಚಾರವೆಲ್ಲ ಸುಲಭ.